ಅಪ್ಪನ ದನಿಯ ಫೋಲ್ಡರ್

ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ಅಪ್ಪನ ಧ್ವನಿಪೆಟ್ಟಿಗೆ ಹೋಗಿ ಒಂದು ಮಳೆಗಾಲ ಕಳೆದಿತ್ತು. ಕಾಪುವಿನ ನಮ್ಮ ಮನೆಯಲ್ಲಿ ಅವರು ಕೈಸನ್ನೆಯಲ್ಲೇ ಚಹಾ ಕೇಳುತ್ತಿದ್ದರು, ಕೈಸನ್ನೆಯಲ್ಲೇ ನನ್ನನ್ನು ಬಯ್ಯುತ್ತಿದ್ದರು. ಅದಕ್ಕೆ ಮೊದಲು ಅವರು ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತು ಪುರಾಣದ ಪಾತ್ರಗಳಾಗಿ ವಾದಿಸುವುದು; ಆ ಮಾತಿಗೇ ಅರ್ಥ ಎಂದು ಹೆಸರು. ಅಪ್ಪನಿಗೆ ಸಿಗುತ್ತಿದ್ದದ್ದು ಹೆಚ್ಚಾಗಿ ಸೋಲುವ ಪಾತ್ರಗಳು. ಕಥೆ ಸೋಲಿಸಿದರೂ ಅವರು ಮಾತಿನಲ್ಲಿ ಸೋಲುತ್ತಿರಲಿಲ್ಲ.

ಆ ಕೂಟಗಳನ್ನು ಅವರೇ ರೆಕಾರ್ಡ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟಿದ್ದರು. ಕಂಪ್ಯೂಟರ್ ಕೆಟ್ಟಿತು, ಒಳಗಿನ ಹಾರ್ಡ್ ಡಿಸ್ಕ್ ಉಳಿಯಿತು. ಒಂದು ಸಂಜೆ ಅದನ್ನು ಅಪ್ಪನ ಮುಂದೆ ಹಿಡಿದೆ.

"ನಿಮ್ಮ ಅರ್ಥ ಎಲ್ಲ ಇದರಲ್ಲಿ ಉಂಟಲ್ವಾ? ತೆಗೆಯಲಾ?"

ಅಪ್ಪ ಅಂಗೈಯನ್ನು ಅಡ್ಡಡ್ಡ ಆಡಿಸಿದರು. ಬೇಡ ಎಂದು ಅದಕ್ಕಿಂತ ಸ್ಪಷ್ಟವಾಗಿ ಮಾತು ಬರುವವರೂ ಹೇಳಲಾರರು. ನಾನು ಅದನ್ನು ಮುದುಕರ ಹಟ ಎಂದುಕೊಂಡೆ. ಹಟದಲ್ಲಿ ನಾನೂ ಅವರ ಮಗಳೇ.

ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ಅಪ್ಪನ ಫೋಲ್ಡರ್ ಒತ್ತಿದರೆ, ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ ಎಂಬ ಸಂದೇಶ ಬಂತು. ಅದು ಅವರ ಲಾಗಿನ್ನಿನಲ್ಲಿ ಮಾಡಿದ್ದು, ನಾನು ಅದಕ್ಕೆ ಹೊರಗಿನವಳು. ಮಣಿಪಾಲದ ಆಫೀಸಿನಲ್ಲಿ ಗೆಳತಿಯನ್ನು ಕೇಳಿದೆ.

"ಅದು ಎಂತ ದೊಡ್ಡ ವಿಷಯ ಮಾರಾಯ್ತಿ. ಪ್ರಾಪರ್ಟೀಸಿಗೆ ಹೋಗಿ ಓನರ್ ಅಂತ ಇರುವಲ್ಲಿ ನಿನ್ನ ಹೆಸರು ಹಾಕು. ಆಮೇಲೆ ಅದು ಯಾರನ್ನೂ ಕೇಳುವುದಿಲ್ಲ," ಎಂದಳು.

ಹಾಕಿದೆ. ಡಿಸ್ಕ್ ಕಟಕಟ ಎನ್ನುತ್ತ ಹೆಚ್ಚಿನ ಫೈಲುಗಳನ್ನು ಓದಲಾರದೆ ಬಿಟ್ಟಿತು. ಒಂದು ಕೂಟ ಮಾತ್ರ ಕಾಪಿ ಆಯಿತು. ಶುರುವಿಗೆ ಭಾಗವತರ ಪದ, ಹಿಂದೆಯೇ ಅಪ್ಪ ಗಂಟಲು ಸರಿಮಾಡಿಕೊಂಡ ಸದ್ದು. ಅಷ್ಟಕ್ಕೇ ಕಣ್ಣು ತುಂಬಿ ನಿಲ್ಲಿಸಿಬಿಟ್ಟೆ. ಉಳಿದದ್ದನ್ನು ಎಲ್ಲರೂ ಸೇರಿ ಕೇಳೋಣ ಎಂಬ ಆಸೆ. ನಿಜ ಹೇಳಬೇಕೆಂದರೆ, ಮಗಳು ಎಂಥ ಕೆಲಸ ಮಾಡಿದಳು ಎನಿಸಿಕೊಳ್ಳುವ ಆಸೆ.

ಭಾನುವಾರ ಕಾರ್ಕಳದಿಂದ ಅಪ್ಪನ ಗೆಳೆಯರೊಬ್ಬರನ್ನು ಊಟಕ್ಕೆ ಕರೆಸಿದೆ. ಕೂಟಗಳಲ್ಲಿ ಅಪ್ಪನ ಎದುರು ಕುಳಿತು ವಾದಿಸುತ್ತಿದ್ದವರು ಅವರೇ. ಮಟ್ಟುಗುಳ್ಳ ಬದನೆಯ ಹುಳಿಯಲ್ಲಿ ಊಟ ಮುಗಿಸಿ ಅವರೂ ಅಪ್ಪನೂ ಚಾವಡಿಯಲ್ಲಿ ಕುಳಿತಾಗ, ಯಾರನ್ನೂ ಕೇಳದೆ ರೆಕಾರ್ಡಿಂಗ್ ಹಚ್ಚಿದೆ.

ಅಪ್ಪನ ದನಿ ಚಾವಡಿ ತುಂಬಿತು. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕುಳಿತಳು. ಅಪ್ಪ ಮೊದಲು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ನನ್ನನ್ನು ಮರೆತು ಕೇಳತೊಡಗಿದರು, ಬೆನ್ನು ನೆಟ್ಟಗಾಯಿತು. ಎದುರಿನವರ ಸರದಿ ಬಂದು ಗೆಳೆಯರ ಹಳೆಯ ದನಿ ಏರಿತು: "ಕೊಟ್ಟ ಮಾತು ದೊಡ್ಡದೋ, ಹೆತ್ತ ತಾಯಿ ದೊಡ್ಡವಳೋ? ಉತ್ತರಿಸು."

ಅಲ್ಲಿಗೆ ಫೈಲು ನಿಂತಿತು. ಮುಂದಿನದು ಡಿಸ್ಕಿನಲ್ಲೇ ಹಾಳಾಗಿತ್ತು. ಮೊದಲೇ ಪೂರ್ತಿ ಕೇಳಿ ನೋಡುವಷ್ಟು ತಾಳ್ಮೆ ನನಗಿರಲಿಲ್ಲ.

ಅರ್ಥಧಾರಿಗಳಲ್ಲಿ ಎದುರಿನವರ ಪ್ರಶ್ನೆಯನ್ನು ಉತ್ತರವಿಲ್ಲದೆ ಬಿಡುವ ಕ್ರಮವಿಲ್ಲ. ಅಪ್ಪನ ಬಲಗೈ ಮೇಲೆದ್ದಿತು, ಬಾಯಿ ತೆರೆಯಿತು, ತುಟಿಗಳು ಆಡತೊಡಗಿದವು. ಶಸ್ತ್ರಚಿಕಿತ್ಸೆಯಲ್ಲಿ ಕತ್ತಿಗೆ ಮಾಡಿದ್ದ ರಂಧ್ರದಿಂದ ಉಸಿರು ಹೊರಟಿತೇ ಹೊರತು ಒಂದಕ್ಷರವೂ ಇಲ್ಲ. ಆದರೂ ಅವರು ನಿಲ್ಲಿಸಲಿಲ್ಲ. ನಾನು ನಾಚಿಕೆಯಿಂದ ಲ್ಯಾಪ್‌ಟಾಪಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದೆ. ನೋಡಲಾರದೆ ಗೆಳೆಯರು ಕೈಮುಗಿದರು.

"ಸಾಕು ಮಾರಾಯ್ರೆ. ನೀವು ಹೇಳಿದ್ದೇ ಸರಿ. ನಾನು ಒಪ್ಪಿದೆ."

ಅಷ್ಟು ವರ್ಷಗಳಲ್ಲಿ ಅವರು ಅಪ್ಪನ ಒಂದು ವಾದವನ್ನೂ ಒಪ್ಪಿದವರಲ್ಲ. ಹಾಗೆ ಒಪ್ಪದಿರುವುದೇ ಅವರು ಅಪ್ಪನಿಗೆ ಕೊಡುತ್ತಿದ್ದ ಮರ್ಯಾದೆ. ಅಪ್ಪ ಎತ್ತಿದ ಕೈಯನ್ನು ಮೆಲ್ಲನೆ ಇಳಿಸಿ, ಎದ್ದು ಒಳಗೆ ಹೋದರು. ಎದುರು ಕುಳಿತವರನ್ನು ಬಿಟ್ಟು ಅವರು ಎದ್ದುಹೋದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಹಾಗೆ ಅವರನ್ನು ಎಬ್ಬಿಸಿದವಳು ನಾನು.