ಸುಬ್ಬಿಯ ಎರಡು ಪುಡಿ

ಸುಂಕಸಾಳದ ಸುಬ್ಬಿಗೆ ಆಗಲೇ ಅರವತ್ತು ದಾಟಿತ್ತು. ಹಗಲೆಲ್ಲ ಗದ್ದೆ ಕೂಲಿ. ಬಿಡುವಾದಾಗ ಕಾಡಿನ ಬೇರು ಅಗೆದು, ಒಣಗಿಸಿ, ಕುಟ್ಟಿ ಮಂಡಿನೋವಿಗೆ ಪುಡಿ ಮಾಡುತ್ತಿದ್ದಳು. ಅವಳ ಅಜ್ಜಿ ಕಲಿಸಿದ ವಿದ್ಯೆ ಅದು. ಮಗ ಹುಲಿಯಾ ಆ ಪುಡಿಯನ್ನು ಪೊಟ್ಟಣ ಕಟ್ಟಿ ಕಾರವಾರದ ರವಿವಾರದ ಸಂತೆಯಲ್ಲಿ ಮಾರುತ್ತಿದ್ದ. ಸುಬ್ಬಿಯ ಹೆಸರು ಹೇಳಿದರೆ ಸಾಕು, ಜನ ಕಣ್ಣುಮುಚ್ಚಿ ಕೊಳ್ಳುತ್ತಿದ್ದರು.

ನಾನು ಕಣ್ಣುಮುಚ್ಚುವವಳಲ್ಲ. ಕಾರವಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು, ಸಿಟ್ಟು ಮೂಗಿನ ತುದಿಯಲ್ಲೇ. 2004ರಲ್ಲಿ ನನ್ನ ಹೆತ್ತ ಆಯಿ ನನಗೆ ತಿಳಿಯದಂತೆ ಎರಡು ತಿಂಗಳು ಆ ಪುಡಿ ತಿಂದು, ರಕ್ತ ಕಾರಿ ಆಸ್ಪತ್ರೆ ಸೇರಿದಳು. "ನೋವಿನ ಮಾತ್ರೆ ಬಹಳ ನುಂಗಿದ್ದಾರಾ?" ಎಂದರು ಡಾಕ್ಟರು. ಒಂದೂ ನುಂಗಿರಲಿಲ್ಲ, ತಿಂದದ್ದು ಆ ಪುಡಿಯೊಂದೇ. ಮರುದಿನವೇ ಬಸ್ಸು ಹತ್ತಿ ಹೋಗಿ, ಸುಬ್ಬಿಯ ಅಂಗಳದಲ್ಲಿ ನಿಂತು ಅವಳ ಜನ್ಮ ಜಾಲಾಡಿದೆ.

ಅವಳು ಪೂರಾ ಕೇಳಿಸಿಕೊಂಡಳು. "ನನ್ನ ಪುಡಿಯಗೆ ಬೇರು ಬಿಟ್ರೆ ಎಂತದೂ ಇಲ್ಲ ಅಕ್ಕೋರೆ. ನಾನೇ ಬತ್ತೆ ನಡೀರಿ. ನನ್ನ ಎದ್ರಿಗೇ ನೋಡಿ," ಎಂದು ಮನೆಯ ಡಬ್ಬಿಯಿಂದ ಒಂದು ಹಿಡಿ ಪುಡಿ ಕಟ್ಟಿಕೊಂಡಳು. ಆಯಿ ಸಂತೆಯಿಂದ ತಂದ ಪೊಟ್ಟಣ ನನ್ನ ಚೀಲದಲ್ಲಿತ್ತು.

ಲ್ಯಾಬಿನಲ್ಲಿ ಎರಡನ್ನೂ ಬೇರೆಬೇರೆಯಾಗಿ ದ್ರಾವಕದಲ್ಲಿ ಕಲಕಿ, ಸೋಸಿ, ಕೆಳಗೆ ನಲ್ಲಿಯಿರುವ ಗಾಜಿನ ಬುರುಡೆಗಳಿಗೆ ಸುರಿದೆ. ಅಡುಗೆ ಸೋಡಾದ ನೀರು ಸೇರಿಸಿ ಕುಲುಕಿದೆ. ನೀರು ಕೆಳಗೆ ನಿಂತಿತು, ದ್ರಾವಕ ಮೇಲೆ. ನೋವಿನ ಮಾತ್ರೆಗಳಲ್ಲಿ ಆಸ್ಪಿರಿನ್ ಆಮ್ಲ, ಪುಡಿಯಲ್ಲಿ ಅದಿದ್ದರೆ ಸೋಡಾ ನೀರಿಗೆ ಇಳಿಯುತ್ತದೆ, ಪ್ಯಾರಾಸಿಟಮಾಲ್ ಮೇಲೆಯೇ ಉಳಿಯುತ್ತದೆ. ಕೆಳಗಿನ ನೀರನ್ನು ನಲ್ಲಿಯಿಂದ ಇಳಿಸಿಕೊಂಡು, ಆಸ್ಪಿರಿನ್ ಇದ್ದರೆ ಮತ್ತೆ ಹರಳಾಗಲೆಂದು ಆಸಿಡ್ ಹನಿಸಿದೆ. ಡಬ್ಬಿಯ ಪುಡಿಯ ನೀರು ಹಾಗೇ ಕಂದಾಗಿ ಉಳಿಯಿತು. ಪೊಟ್ಟಣದ್ದು ಹಾಲಿನಂತೆ ಒಡೆದು, ಬಿಳಿ ಹರಳು ತಳಕ್ಕೆ ಕೂತಿತು. ಮೇಲಿನ ದ್ರಾವಕವನ್ನು ಆವಿಯಾಗಿಸಿದಾಗ ಪ್ಯಾರಾಸಿಟಮಾಲೂ ಸಿಕ್ಕಿತು.

"ಈ ಬೆಳಿದು ಎಂತದು?" ಎಂದಳು ಸುಬ್ಬಿ.

"ಅಂಗಡಿಯ ಮಾತ್ರೆ. ನೀನು ಕುಟ್ಟಿದ್ದರಲ್ಲಿ ಇಲ್ಲ. ಪೊಟ್ಟಣ ಕಟ್ಟುವಾಗ ಬೆರೆಸಿದ್ದಾರೆ."

ಪೊಟ್ಟಣ ಕಟ್ಟುವವನು ಒಬ್ಬನೇ. ಅವಳು ಖಾಲಿ ಪೊಟ್ಟಣ ಎತ್ತಿಕೊಂಡು ಮಗ ಮಡಿಸಿದ ಮಡಿಕೆಯನ್ನೇ ಬೆರಳಿಂದ ಸವರಿದಳು. ಅಯ್ಯೋ, ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ನಿನ್ನದು ಶುದ್ಧವೆಂದು ಬರೆದುಕೊಡುತ್ತೇನೆ, ಮನೆಗೆ ಹೋಗು ಎಂದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಮಗನ ಹೆಸರು ಅವಳ ಬಾಯಲ್ಲಿ ಬರಲಾರದು ಎಂದುಕೊಂಡಿದ್ದೆ.

"ಬರ್ದದ್ದ ಇಟ್ಕಂಡು ನಾ ಎಂತಾ ಮಾಡ್ಲಿ? ಉಳ್ದೋರ ಹೊಟ್ಟೆಗೂ ಇದೇ ಹೋಗ್ತದ್ಯಲೆ," ಎಂದಳು.

ಆ ರವಿವಾರ ಸಂತೆಯಲ್ಲಿ ಹುಲಿಯಾ ಕೂರುತ್ತಿದ್ದ ಜಾಗದಲ್ಲಿ ಅವಳು ನಿಂತಳು, ಹಿಂದೆ ನಾನು. ಅವನ ಕೈಗೆ ಖಾಲಿ ಚೀಲ ಕೊಟ್ಟು ಪಕ್ಕದಲ್ಲೇ ನಿಲ್ಲಿಸಿಕೊಂಡಳು. "ನನ್ನ ಮಗ ಪುಡಿಗೆ ಮಾತ್ರೆ ಬೆರ್ಸಾನೆ! ಯಾರೂ ತಿನ್ಬೇಡಿ, ತಂದು ಇದ್ರಗೆ ಹಾಕಿ! ಹೊಟ್ಟೆ ಉರೀತಿದ್ರೆ ಡಾಕ್ಟರ ಹತ್ರ ಹೋಗಿ!"

"ಜಲ್ದಿ ಗುಣ ಆಗ್ಲಿ ಅಂದೇ ಮಾಡ್ದೆ," ಎಂದು ಹುಲಿಯಾ ಗೊಣಗಿದ.

"ಬಾಯ್ಮುಚ್ಚು. ಚೀಲ ಹಿಡಿ."

ಜನ ಬೈದರು, ಒಬ್ಬ ಉಗಿದ. ಅವಳು ಕೂಗುವುದನ್ನು ನಿಲ್ಲಿಸಲಿಲ್ಲ. ಕೆಲವರು ಮನೆಗೆ ಹೋಗಿ ಹಳೆಯ ಪೊಟ್ಟಣವನ್ನೂ ತಂದರು, ಮಧ್ಯಾಹ್ನದೊಳಗೆ ಚೀಲ ತುಂಬಿತು. ವರ್ಷಗಳ ಗಿರಾಕಿ ರಾಮನಾಥ ತನ್ನದನ್ನು ಹಾಕಿ ಹೊರಟವನು ತಿರುಗಿ ನಿಂತ. "ನೀ ಕುಟ್ಟಿದ್ದ ನೀನೇ ತಕಂಬಂದ್ರೆ, ಮುಂದಿನ ವಾರ ನಂಗೊಂದು ಇಡು," ಎಂದ. ಸುಬ್ಬಿ ಆಗ ಅತ್ತಳು.

ತರಕಾರಿಯವಳೊಬ್ಬಳು ನನ್ನನ್ನು ತಿವಿದು ಕೇಳಿದಳು: "ಈ ಮುದ್ಕಿ ನಿಮ್ಗೆ ಎಂತಾ ಆಗ್ಬೇಕು?"

"ನಮ್ಮ ಮನೆಯವಳು. ಎಂತಾ ಈಗ?" ಎಂದೆ, ಸಂತೆಗೆಲ್ಲ ಕೇಳುವಂತೆ.