ಕಟ್ಟೆಯ ಮೇಲೆ ಹೇಳದ ಹೆಸರು

ಗೆಳೆಯ ಅದನ್ನು ಅಳುತ್ತಾ ಹೇಳಿದನೋ ನಗುತ್ತಾ ಹೇಳಿದನೋ, ಈಗ ನನಗೆ ಖಾತ್ರಿಯಿಲ್ಲ. ಧಾರವಾಡದ ಹಾಸ್ಟೆಲಿನ ತಾರಸಿಯಲ್ಲಿ ಹೇಳಿದ ಎಂದು ಎಷ್ಟೋ ವರ್ಷ ನಂಬಿದ್ದೆ. ಆ ಕಟ್ಟಡಕ್ಕೆ ತಾರಸಿ ಹತ್ತುವ ಮೆಟ್ಟಿಲಿತ್ತೇ ಎಂಬುದೇ ಈಗ ಅನುಮಾನ. ಅವನು ಹೇಳಿದ್ದು ಇಷ್ಟು: ಅವನು ಹುಟ್ಟಿದಾಗ ತಾಯಿ ಕಾಯಿಲೆ ಬಿದ್ದಿದ್ದಳು, ಮನೆಗೆಲಸಕ್ಕಿದ್ದ ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸು ಮೊಲೆಹಾಲು ಕೊಟ್ಟು ಅವನನ್ನು ಉಳಿಸಿದಳು. ಅವಳನ್ನು ಆಯಿ ಎನ್ನುತ್ತಿದ್ದ. ಸಿದ್ದಿಗಳ ಹಿರಿಯರನ್ನು ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದರೆಂದು ನಾನು ಮೊದಲು ಕೇಳಿದ್ದೂ ಅವನಿಂದಲೇ.

ಹೋದ ವರ್ಷ ಅವನು ಮೆಲ್ಬರ್ನಿನ ಬಾಕ್ಸ್ ಹಿಲ್‌ನಿಂದ ಸಿಡ್ನಿಯ ಗಿರಾವೀನ್‌ನ ನಮ್ಮ ಮನೆಗೆ ಬಂದಾಗ, ಅವನಿಗಾಗಿಯೇ ಒಂದು ವಾಕಿಂಗ್ ಟೂರ್ ಬುಕ್ ಮಾಡಿದೆ. ಆಫ್ರಿಕ ಮೂಲದ ಬ್ರೆಜಿಲ್ ಮಹಿಳೆಯೊಬ್ಬರು ಊರಿನ ಹಳೇ ಬಂದರಿನ ಓಣಿಗಳಲ್ಲಿ ಸುತ್ತಿಸುತ್ತಿದ್ದರು. ಇಲ್ಲಿಗೆ ಕೈದಿಗಳನ್ನು ತಂದ ಮೊದಲ ಹಡಗುಗಳು ದಾರಿಯಲ್ಲಿ ಬ್ರೆಜಿಲ್‌ನ ರಿಯೋದಲ್ಲಿ ತಂಗಿದ್ದವು, ಅಲ್ಲಿ ಆಗ ತನ್ನ ಹಿರಿಯರಂಥ ಆಫ್ರಿಕದವರನ್ನು ಗುಲಾಮರಾಗಿ ಮಾರುತ್ತಿದ್ದರು, ಆ ಕೈದಿಗಳಲ್ಲೂ ಕಪ್ಪು ಜನರಿದ್ದರು ಎಂದರು. ನಮ್ಮ ಜೊತೆ ಪೆಂಡಲ್ ಹಿಲ್‌ನ ಕನ್ನಡ ಗುಂಪಿನ ನಾಲ್ಕು ಮನೆಯವರು, ಎಲ್ಲರ ಚೀಲದಲ್ಲೂ ಚಿತ್ರಾನ್ನ.

ಕೊನೆಗೆ ಆಕೆ ಹಡಗುಕಟ್ಟೆಯ ಕಲ್ಲಿನ ಮೇಲೆ ನೀರು ಸುರಿದು, ನಿಮ್ಮನ್ನು ಉಳಿಸಿದ ಒಬ್ಬರ ಹೆಸರು ಹೇಳಿ ಎಂದರು.

"ನಮ್ಮ ತರ್ಪಣದ ಥರಾನೇ ಅಲ್ವಾ," ಎಂದರು ಆಂಟಿಯೊಬ್ಬರು.

ಗೆಳೆಯ ನೀರು ಬಿಟ್ಟು ತನ್ನ ವಕೀಲ ಅಜ್ಜನ ಹೆಸರು ಹೇಳಿದ.

"ಆಯಿ ಹೆಸರು ಹೇಳೋ," ಎಂದೆ. ಆ ಹೆಸರು ನನಗೆ ಗೊತ್ತಿರಲಿಲ್ಲ.

"ಯಾವ ಆಯಿ?"

"ನಿನಗೆ ಹಾಲು ಕೊಟ್ಟವಳು. ಸಿದ್ದಿ ಆಯಿ."

ಅವನು ಗುಂಪಿನತ್ತ ತಿರುಗಿ ನಕ್ಕ. "ಪಿಎಚ್‌ಡಿ ಆದಾಗಿಂದ ಇಂವಾ ಹಿಂಗ ನೋಡ್ರಿ. ಎಲ್ಲೋ ಓದಿದ್ದು ತಂದು ನನ್ನ ತಲೀಗೆ ಕಟ್ಟತಾನ. ಲೇ, ಅಂಥೋರು ನಮ್ಮನಿ ಒಳಗ ಬರತಿದ್ದಿಲ್ಲ."

"ಸಾರ್, ಮೆಮೊರಿ ಟೆಸ್ಟ್ ಒಂದು ಬುಕ್ ಮಾಡ್ಬಿಡಿ," ಎಂದರು ಬೆಂಗಳೂರಿನ ಅಂಕಲ್. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಎಲ್ಲವನ್ನೂ ಅನುಮಾನಿಸುವ ನನ್ನ ಸ್ವಭಾವವನ್ನು ಅವನಷ್ಟು ಬಲ್ಲವರಿಲ್ಲ. ಅದನ್ನೇ ಎತ್ತಿಕೊಂಡು ನನಗೆ ಹೊಡೆದ. ಆಮೇಲೆ ತಿಂಗಳುಗಟ್ಟಲೆ ನನ್ನ ಪುಸ್ತಕಗಳನ್ನು ತಿರುವಿಹಾಕಿದೆ, ಆ ಕಥೆ ಎಲ್ಲಾದರೂ ಸಿಗುತ್ತದೇನೋ ಎಂದು. ಸಿಗಲಿಲ್ಲ. ಕೊನೆಗೆ ಹುಬ್ಬಳ್ಳಿಯಲ್ಲಿರುವ ಅವನ ಅಕ್ಕನಿಗೆ ಫೋನ್ ಮಾಡಿದೆ. ತಾರಸಿಯ ಬಗ್ಗೆ ಅವರಿಗೇನು ಗೊತ್ತು. ಹಾಲಿನ ಮಾತೊಂದನ್ನೇ ಕೇಳಿದೆ.

"ಹೌದಪಾ. ಹನ್ನೊಂದು ತಿಂಗಳು ಅಕೀನ ಕುಡಿಸಿದ್ಲು, ನಮ್ಮ ಪಡಸಾಲ್ಯಾಗ ಕುಂತು."