ಜೆಟ್ಟಿನ ಬಲಗಾಲು

ಇವತ್ತು ಬೆಳಗ್ಗೆ ಎದುರುಮನೆಯವರು ಹೊಸ ಟ್ರ್ಯಾಕ್ಟರಿನ ಪೂಜೆ ಮಾಡಿದರು. ಗಾಲಿಯ ಕೆಳಗಿಟ್ಟ ನಿಂಬೆಹಣ್ಣು ಒಡೆದು ಅದರ ವಾಸನೆ ನಮ್ಮ ಕಟ್ಟೆಯವರೆಗೂ ಬಂತು. ಊರಿಗೆಲ್ಲ ಅದು ಶುಭದ ವಾಸನೆ. ನಾನು ಮಾತ್ರ ಕುಡಿಯುತ್ತಿದ್ದ ಚಹಾದ ಲೋಟವನ್ನು ಕೆಳಗಿಟ್ಟೆ. ಹೋದ ವರ್ಷ ನನ್ನ ತಪ್ಪನ್ನು ಒಂದು ನಿಂಬೆಹಣ್ಣು ಹೊತ್ತುಕೊಂಡಿತ್ತು.

ನಾನು ಸವಣೂರಿನಲ್ಲಿ ಪಂಪ್‌ಸೆಟ್ ಮೋಟರುಗಳ ವೈಂಡಿಂಗ್ ಮಾಡಿ ಬದುಕಿದವನು. ಎಸ್ಸೆಸ್ಸೆಲ್ಸಿ ಮುಗಿಸಿ ಹಿಡಿದ ತಾಮ್ರದ ತಂತಿಯನ್ನು ಕಣ್ಣು ಮಂಜಾದ ಮೇಲೆ ಬಿಟ್ಟೆ. ಕೆಲಸ ಬಿಟ್ಟರೂ ಕೈಯ ತುರಿಕೆ ಬಿಡಲಿಲ್ಲ. ದುಂಡಸಿಯ ಗೆಳೆಯ ಚನ್ನಬಸಪ್ಪನಿಗೂ ಇದೇ ರೋಗ. ಅವನು ಶಿಗ್ಗಾಂವಿಯ ಬಟ್ಟೆ ಅಂಗಡಿಯನ್ನು ಅಳಿಯನ ಕೈಗೆ ಕೊಟ್ಟು ಕುಂತವನು. ಇಬ್ಬರೂ ಕೂಡಿ ಬ್ಯಾಟರಿಯಿಂದ ಹಾರುವ ಮಾದರಿ ಜೆಟ್ ವಿಮಾನಗಳನ್ನು ತರಿಸಿದೆವು. ಹಗುರವಾದ ಫೋಮಿನ ಮೈ, ಹೊಟ್ಟೆಯೊಳಗೆ ಒಂದು ಫ್ಯಾನು, ಕೆಳಗೆ ಪುಟ್ಟ ಗಾಲಿಯಿದ್ದ ಮೂರು ತಂತಿ ಕಾಲು. ನನ್ನದು ಕೆಂಪು, ಅವನದು ನೀಲಿ. ಬಣ್ಣ ಬಿಟ್ಟರೆ ಅವಳಿ ಮಕ್ಕಳು.

ಭಾನುವಾರ ನನ್ನ ಜೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದುಂಡಸಿಗೆ ಹೋಗುತ್ತಿದ್ದೆ. ಒಮ್ಮೆ ಕಂಡಕ್ಟರ್ ಕೇಳಿದ: “ಯಜಮಾನ್ರ, ಸ್ವಂತ ವಿಮಾನ ಇದ್ದಾವ್ರು ನಮ್ಮ ಬಸ್ಸಿಗ್ಯಾಕ ಬಂದ್ರಿ?”

“ಪೈಲಟ್ ರಜಾದ ಮ್ಯಾಲ ಅದಾನ,” ಎಂದೆ. ಬಸ್ಸೆಲ್ಲ ನಕ್ಕಿತು. ಆಗ ನನಗೂ ನಗು ಬರುತ್ತಿತ್ತು.

ಚನ್ನಬಸಪ್ಪನ ಹಿತ್ತಲ ಹೊಲದಲ್ಲಿ ನಮ್ಮ ರನ್‌ವೇ. ನೆಲದ ಮೇಲೆ ಕಲ್ಲಿನ ಗುಂಡು ಉರುಳಿಸಿ, ಸುಗ್ಗಿಯ ಕಣದ ಹಾಗೆ ಸಗಣಿಯಿಂದ ಸಾರಿಸಿದ ಪಟ್ಟಿ ಅದು. ಕಣವೆಂದ ಮೇಲೆ ಚಪ್ಪಲಿ ಹಾಕಿ ತುಳಿಯುವಂತಿಲ್ಲ. ವಿಮಾನ ಹಾರಿಸುವ ಇಬ್ಬರು ಮುದುಕರು ಬರಿಗಾಲಲ್ಲಿ ನಿಲ್ಲುತ್ತಿದ್ದೆವು. ಕೆಲಸವೂ ಹೊಲದ ರೀತಿಯದೇ, ಮುಯ್ಯಿ. ಇವತ್ತು ನಿನ್ನ ಕೆಲಸಕ್ಕೆ ನಾನು, ನಾಳೆ ನನ್ನ ಕೆಲಸಕ್ಕೆ ನೀನು. ಹಾರುವ ಮೊದಲು ಒಬ್ಬನ ವಿಮಾನವನ್ನು ಇನ್ನೊಬ್ಬ ಹಿಡಿದು, ಜಗ್ಗಿ, ಅಲುಗಿಸಿ ನೋಡಬೇಕು. ಅವನು ‘ಬರೋಬರಿ ಐತಿ’ ಅಂದರೇ ಹಾರಾಟ. ಕಟ್ಟಿದವನ ಕಣ್ಣಿಗೆ ತನ್ನ ತಪ್ಪು ಕಾಣುವುದಿಲ್ಲವಲ್ಲ.

ಹೀಗಿರುವಾಗ ಚನ್ನಬಸಪ್ಪ ತನ್ನ ಜೆಟ್ಟಿಗೆ ಹೆಚ್ಚಿನ ಶಕ್ತಿ ಕೂಡಿಸಲು ಹೊರಟ. ನಾಲ್ಕು ಸೆಲ್ಲಿನ ಬ್ಯಾಟರಿ ಹೋಗಿ ಆರು ಸೆಲ್ಲಿನದು ಬಂತು. ಹೊಸ ಮೋಟರು, ಒತ್ತೊತ್ತಾಗಿ ಎಸಳುಗಳಿದ್ದ ಹೊಸ ಫ್ಯಾನು ಬಂದವು. ದಪ್ಪ ತಂತಿಗಳಿಗೆ ಬೆಸುಗೆ ಹಾಕಿದವನು ನಾನೇ. ಮುಯ್ಯಿ ತಪ್ಪಿಸುವ ಹಾಗಿರಲಿಲ್ಲ. ಮೊದಲು ಇಬ್ಬರ ಜೆಟ್ಟೂ ಮಿಕ್ಸರಿನಲ್ಲಿ ಚಟ್ನಿ ರುಬ್ಬಿದಂತೆ ಸದ್ದು ಮಾಡುತ್ತಿದ್ದವು. ಅವತ್ತು ಅವನದು ಆಕಾಶಕ್ಕೆ ಸಿಳ್ಳು ಹಾಕಿತು. ರಸ್ತೆಯಲ್ಲಿ ಹೋಗುವವರು ಬೈಕು ನಿಲ್ಲಿಸಿ ನೋಡಿದರು. ಆಮೇಲೆ ನಾನು ಹಾರಿಸಿದಾಗ ಬೈಕುಗಳು ಹೊರಟುಹೋದವು.

ನೀನೂ ಹಾಕಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನ್ನ ಬಾಯಿಯೇ ಅಡ್ಡ ಬಂತು. “ನಾಕು ಸೆಲ್ ಸಾಕಪಾ. ತಂತಿ ಕಾಲಿನ ಗಮ್ಮತ್ತ ಬ್ಯಾರೆ. ಹಾರ್ಸಾಕ ಬರಲಾರದಾವ್ರು ಸಾಮಾನ ಹೆಚ್ಚ ಮಾಡ್ತಾರ,” ಎಂದು ವರ್ಷಗಟ್ಟಲೆ ಜಂಬ ಕೊಚ್ಚಿದ್ದೆ. ಈಗ ಅದನ್ನು ನುಂಗುವುದು ಹೇಗೆ? ಮನೆಯಲ್ಲಿ ಕೆಂಪು ಜೆಟ್ಟನ್ನು ಕಪಾಟಿನ ಮೇಲೆ ಮುಖ ಗೋಡೆಗೆ ಮಾಡಿ ಇಡತೊಡಗಿದೆ.

ಮುಂದೆ ಅವನು ಕಾಲುಗಳನ್ನೂ ಬದಲಿಸಿದ. ತಂತಿ ಕಾಲಿನ ಜಾಗಕ್ಕೆ ಸ್ಪ್ರಿಂಗ್ ಇದ್ದ ಲೋಹದ ಕಾಲು. ಗುಂಡಿ ಒತ್ತಿದರೆ ಹೊಟ್ಟೆಯೊಳಗೆ ಮಡಚಿಕೊಳ್ಳುವಂಥವು. ಅವನ್ನು ಅವನೊಬ್ಬನೇ ಕೂಡಿಸಿದ್ದ. ಮೊದಲ ಹಾರಾಟದ ದಿನ ನಾನು ಹಿಡಿದು ನೋಡಿದೆ. ಬಲಗಾಲು ನನ್ನ ಹೆಬ್ಬೆರಳ ಕೆಳಗೆ ಸಣ್ಣಗೆ ಕಿರುಗುಟ್ಟಿತು. ಹೊಸ ಕಾಲನ್ನು ಹಳೆಯ ತೆಳು ಪ್ಲೈವುಡ್ ತುಂಡಿಗೇ ತಿರುಪು ಹಾಕಿದ್ದ; ಆ ತುಂಡು ಫೋಮಿನಿಂದ ಅಂಟು ಬಿಟ್ಟಿತ್ತು. ಆರು ಸೆಲ್ಲಿನ ಭಾರಕ್ಕೆ ಅದು ನಿಲ್ಲುವುದಿಲ್ಲ ಎಂದು ನನಗೆ ಗೊತ್ತಾಯಿತು. ಇಳಿಯುವಾಗ ಒಂಚೂರು ಸೊಟ್ಟಗಾಗಲಿ, ಇವತ್ತೊಂದು ದಿನ ಇವನ ಹೆಚ್ಚುಗಾರಿಕೆ ತಗ್ಗಲಿ ಅನ್ನಿಸಿತು. ಅದಕ್ಕಿಂತ ಹೆಚ್ಚು ಕೇಡು ಬಯಸಿರಲಿಲ್ಲ. ಇಷ್ಟೇ ಸಾಕಲ್ಲವೆ?

“ಬರೋಬರಿ ಐತಿ,” ಎಂದೆ.

ಆಗ ಅವನ ಹೆಂಡತಿ ಗಂಗವ್ವ ಆರತಿ ತಟ್ಟೆ ಹಿಡಿದು ಬಂದಳು. ಗಾಲಿಗಿಂತ ನಿಂಬೆಹಣ್ಣೇ ದೊಡ್ಡದು. ಎರಡು ಹೋಳು ಮಾಡಿ ಗಾಲಿಗಳ ಮುಂದೆ ಬೋರಲಾಗಿ ಇಟ್ಟಳು. “ಅಣ್ಣಾರ, ವಿಮಾನಕ್ಕ ಕುಂಕುಮ ಮೂಗಿಗಿ ಹಚ್ಚಬೇಕೋ, ರೆಕ್ಕಿಗಿ ಹಚ್ಚಬೇಕೋ?” ಎಂದು ನನ್ನನ್ನೇ ಕೇಳಿದಳು. ಜೆಟ್ಟು ಹೋಳಿನ ಮೇಲೆ ಕುಪ್ಪಳಿಸಿ ಓಡಿತು, ಎದ್ದಿತು, ಕೊಕ್ಕರೆಯಂತೆ ಕಾಲು ಮಡಚಿತು. ಎಷ್ಟು ಚೆಂದ ಕಂಡಿತೆಂದರೆ ನನಗೆ ನೋಡಲಾಗಲಿಲ್ಲ. ಇಳಿಯುವಾಗ ಬಲಗಾಲು ಬುಡಸಮೇತ ಕಿತ್ತುಬಂತು. ಮೂಗು ನೆಲಕ್ಕೆ ಬಡಿದು ಹೊಟ್ಟೆ ಸೀಳಿತು.

ಚನ್ನಬಸಪ್ಪ ನನ್ನ ಕಡೆ ನೋಡಿದ. “ನೀ ಹಿಡದ ನೋಡಿದ್ಯಲ್ಲಾ, ಮೇಸ್ತ್ರಿ?”

“ನೋಡಿದ್ದೆ. ಆಗ ಗಟ್ಟಿ ಇತ್ತು.”

“ಹಂಗಾರ ನಿಂಬಿಕಾಯಿ ಹತ್ತಿದಾಗನ ಸಡ್ಲ ಆಗೇತಿ,” ಎಂದು ಅವನು ಹೆಂಡತಿಯ ಕಡೆ ತಿರುಗಿದ. “ಎಲ್ಲಾದಕ್ಕೂ ನಿಂದೊಂದು ನಿಂಬಿಕಾಯಿ.”

“ಚಲೋ ಆಗ್ಲಿ ಅಂತ ಇಟ್ಟಿನ್ರಿ,” ಎಂದಳು ಗಂಗವ್ವ. ಒಡೆದ ಹೋಳುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಆಮೇಲೆ ಆ ಪಟ್ಟಿಯ ಕಡೆ ಬರಲಿಲ್ಲ.

ನಾನು ಮಾತ್ರ ಹೋಗುತ್ತಿದ್ದೆ, ಅವಳು ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದೆ. ಮುರಿದ ನೀಲಿ ಜೆಟ್ಟು ಅಟ್ಟದ ಮೇಲಿತ್ತು. ನನ್ನ ಕೆಂಪು ಜೆಟ್ಟು ಒಂದೇ ಹಾರುತ್ತಿತ್ತು. ಸುಖವೇನೂ ಆಗಲಿಲ್ಲ.

ಈ ಸಲದ ದಸರಾಕ್ಕೆ ಚನ್ನಬಸಪ್ಪನ ಅಳಿಯನ ಹೊಸ ಕಾರು ಬಂತು. ಪೂಜೆಗೆ ನಾನೂ ಇದ್ದೆ. ಮಗಳು ನಿಂಬೆಹಣ್ಣು ಚಾಚಿದರೆ ಗಂಗವ್ವ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡಳು. “ನೀನ ಇಡವಾ. ನನ್ನ ಕೈಗುಣ ಚಲೋ ಇಲ್ಲ.”

ಮನೆಯ ಪ್ರತಿ ಶುಭಕ್ಕೂ ಮುಂದಾಗುತ್ತಿದ್ದ ಕೈಗಳವು. ಕಾರಿನ ಆ ಕಡೆ ನಿಂತಿದ್ದ ನಾನು ಅಲ್ಲಿಂದಲೇ ಹೇಳಿಬಿಟ್ಟೆ. “ಗಂಗವ್ವ, ನಿಂಬಿಕಾಯಿದ ತಪ್ಪಲ್ಲವಾ. ಕಾಲು ಮೊದ್ಲ ಸಡ್ಲ ಇತ್ತು. ನಾ ನೋಡಿ ಸುಮ್ನಾದೆ.”

ಅವಳು ನನ್ನ ಕಡೆ ತಿರುಗಿದಳು. “ಹತ್ರ ಒಂದ ವರ್ಷ ಆತಲ್ರಿ ಅಣ್ಣಾರ. ನನ್ನ ಕೈಯಾಗಿನ ಮಜ್ಜಗಿ ಕುಡಕೋತ ಕುಂತ್ರಿ.”



“ಯಾಕಲೇ?” ಎಂದ ಚನ್ನಬಸಪ್ಪ.

“ಹೊಟ್ಟಿಕಿಚ್ಚು.”

“ಅದು ನನಗ ಗೊತ್ತಿತ್ತು. ಕಾಲಿಂದು ಗೊತ್ತಿರಲಿಲ್ಲ.” ಅಷ್ಟು ಹೇಳಿ ಒಳಗೆ ಹೋದ. ಹಿಂದೆಯೇ ಹೋದ ಹೆಂಡತಿಗೆ ಏನು ಹೇಳಿದನೋ ನನಗೆ ಕೇಳಲಿಲ್ಲ. ಬಹಳ ದಿನ ಫೋನು ಬರಲಿಲ್ಲ. ಬಂದಾಗ ಒಂದೇ ಮಾತು: “ದಪ್ಪ ಪ್ಲೈವುಡ್ ಸಿಕ್ರ ತಗೊಂಡ ಬಾ.” ತುಂಡು ಕೊಯ್ದು, ಫೋಮಿನ ಆಳಕ್ಕೆ ಇಳಿಸಿ ಅಂಟಿಸಿದವನು ನಾನೇ.

ಇವತ್ತು ನೀಲಿ ಜೆಟ್ಟು ಮತ್ತೆ ಹಾರುವ ದಿನ; ಬೆಳಗಿನ ಆ ಚಹಾ ಅಲ್ಲಿಗೇ ಬಿಟ್ಟು ಬಸ್ಸು ಹಿಡಿದೆ. ದುಂಡಸಿಯಲ್ಲಿ ಪಟ್ಟಿಯನ್ನು ಹೊಸದಾಗಿ ಸಾರಿಸಿದ್ದರು. ಅಂಚಿನಲ್ಲಿ ಗಂಗವ್ವ ಬರಿಗಾಲಲ್ಲಿ ನಿಂತಿದ್ದಳು. ಅಂಗೈಯಲ್ಲಿ ನಿಂಬೆಯ ಎರಡು ಹೋಳು. ನನ್ನ ಮುಖ ನೋಡದೆ ಗಂಡನಿಗೆ ಹೇಳಿದಳು: “ಮೊದ್ಲ ಅಣ್ಣಾರು ಹಿಡದ ನೋಡ್ಲಿ. ಆಮ್ಯಾಲ ನಿಂಬಿಕಾಯಿ.”

ಬಲಗಾಲನ್ನು ಜಗ್ಗಿದೆ, ತಿರುವಿದೆ, ಹೆಬ್ಬೆರಳಿಂದ ಒತ್ತಿದೆ. ಮಿಸುಕಲಿಲ್ಲ. ಹೊಸ ಬಣ್ಣದಲ್ಲಿ ನೀಲಿ ಜೆಟ್ಟು ಮೊದಲಿಗಿಂತ ಚೆಂದ ಕಾಣುತ್ತಿತ್ತು.

“ಗಟ್ಟಿ ಐತಿ,” ಎಂದೆ.

“ಮತ್ತ?” ಎಂದ ಚನ್ನಬಸಪ್ಪ.

“ಮತ್ತೇನ? ಹೊಟ್ಟಿ ಉರಿಯಾಕತ್ತೈತಿ.”

“ಹಂಗಾರ ಬರೋಬರಿ ಐತಿ,” ಎಂದು ಅವನು ಹೆಂಡತಿಯ ಕಡೆ ತಿರುಗಿದ. “ಇಡು.”

ಗಂಗವ್ವ ಬಗ್ಗಿ, ಬಲಗಾಲಿನ ಮುಂದೆ ಮೊದಲ ಹೋಳು ಇಟ್ಟಳು.